ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ: ಕೆಲಸ ಹುಡುಕುತ್ತಿರುವ ಮಾರ್ಕೆಟಿಂಗ್‌ನವರ ಜೊತೆ ಆಡಿದ ಮಾತು

(ಮಂಗಳೂರಿನಲ್ಲಿ ಮಾರ್ಕೆಟಿಂಗ್ ಕೆಲಸದವರ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದು. ಬರೆಯುವಾಗ ಅಲ್ಲಲ್ಲಿ ಸರಿಮಾಡಿದ್ದೇನೆ, ಅಲ್ಲಿ ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ಕೆಲವರು ಉಡುಪಿ, ಮಣಿಪಾಲದಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೀರಂತೆ. ಹಾಗಾಗಿ ಸುತ್ತಿ ಬಳಸಿ ಮಾತಾಡುವುದಿಲ್ಲ.

ಒಂದು ಪ್ರಶ್ನೆ. ಕೈ ಎತ್ತುವುದು ಬೇಡ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಕೆಲಸ ಹೋಗಿದೆ, ಆದರೆ ಮನೆಯವರಿಗೆ, ನೆಂಟರಿಗೆ, ಹಳೆಯ ಸ್ನೇಹಿತರಿಗೆ ಇನ್ನೂ ಹೇಳಿಲ್ಲ. ಅಂಥವರು ಇಲ್ಲಿ ಎಷ್ಟು ಜನ ಇದ್ದೀರಿ?

ನಾನು ನಾಲ್ಕು ತಿಂಗಳು ಹೇಳಿರಲಿಲ್ಲ. ಅದು 2020ರ ಜೂನ್. ಬೆಂಗಳೂರಿನ ಒಂದು ಕಂಪನಿಯಲ್ಲಿ ಬ್ರ್ಯಾಂಡ್ ಮ್ಯಾನೇಜರ್ ಆಗಿದ್ದೆ. ಹನ್ನೊಂದು ವರ್ಷದ ಅನುಭವ. ಒಂದು ಬುಧವಾರ ವಿಡಿಯೋ ಕಾಲ್‌ಗೆ ಕರೆದರು, ಹದಿನೈದು ನಿಮಿಷ ಮಾತಾಡಿದರು, ಸಂಜೆಯೊಳಗೆ ನನ್ನ ಮೇಲ್ ಐಡಿ ಬಂದ್ ಆಯಿತು. ಬಾಡಿಗೆ ಮನೆ ಖಾಲಿ ಮಾಡಿ ಕಾಪುವಿನ ಅಪ್ಪನ ಮನೆಗೆ ಬಂದೆ. ಆಗ ಎಲ್ಲರೂ ಊರಿಗೆ ಬರುತ್ತಿದ್ದರಲ್ಲ, ಯಾರಿಗೂ ಸಂಶಯ ಬರಲಿಲ್ಲ. 'ವರ್ಕ್ ಫ್ರಮ್ ಹೋಮ್' ಎಂದೆ. ಬೆಳಿಗ್ಗೆ ಒಂಬತ್ತೂವರೆಗೆ ಮಹಡಿ ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ, ಅಮ್ಮ ಮೀಟಿಂಗ್ ಇರಬೇಕು ಅಂತ ಮಿಕ್ಸಿ ಕೂಡ ಹಾಕದೆ ಕಾಯುತ್ತಿದ್ದರು. ಆ ನಾಲ್ಕು ತಿಂಗಳಲ್ಲಿ ಜಾಬ್ ಸೈಟ್‌ಗಳಲ್ಲಿ 140 ಕಡೆ ಅರ್ಜಿ ಹಾಕಿದೆ. ಉತ್ತರ ಬಂದದ್ದು ಒಂಬತ್ತು ಕಡೆಯಿಂದ. ಒಂಬತ್ತೂ 'ಸದ್ಯಕ್ಕೆ ಹುದ್ದೆ ನಿಲ್ಲಿಸಿದ್ದೇವೆ' ಅಂತಲೇ ಇದ್ದವು.

ಆ ವರ್ಷ ದೇಶದ ಸ್ಥಿತಿ ನಿಮಗೆ ನೆನಪಿರಬಹುದು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ಜಿಡಿಪಿ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 23.9 ಕುಸಿದಿದೆ ಎಂದು ಸರ್ಕಾರದ ಮೊದಲ ಲೆಕ್ಕ ಹೇಳಿತು. ಮುಂದಿನ ಮೂರು ತಿಂಗಳಲ್ಲೂ ಕುಸಿಯಿತು. ಎರಡು ತ್ರೈಮಾಸಿಕ ಸತತವಾಗಿ ಇಳಿದರೆ ಅದನ್ನು ಆರ್ಥಿಕ ಹಿಂಜರಿತ ಅಂತಾರೆ. ಲೆಕ್ಕದ ಪ್ರಕಾರ ಹಿಂಜರಿತ ಇರಲಿ ಬಿಡಲಿ, ನಮ್ಮ ಕ್ಷೇತ್ರಕ್ಕೆ ಅದರ ಗಾಳಿ ಸೋಕಿದರೂ ಸಾಕು. ಯಾಕೆ ಮೊದಲ ಕತ್ತರಿ ನಮ್ಮ ಮೇಲೆ? ಕಾರಣ ಸರಳ. ಬ್ಯಾಂಕಿನ ಬಡ್ಡಿ ನಿಲ್ಲಿಸಲು ಆಗುವುದಿಲ್ಲ, ಗೋದಾಮಿನ ಬಾಡಿಗೆ ನಿಲ್ಲಿಸಲು ಆಗುವುದಿಲ್ಲ, ಕಚ್ಚಾ ಮಾಲು ನಿಲ್ಲಿಸಿದರೆ ಫ್ಯಾಕ್ಟರಿ ನಿಲ್ಲುತ್ತದೆ. ಮಾರ್ಕೆಟಿಂಗ್ ನಿಲ್ಲಿಸಿದರೆ ಈ ತಿಂಗಳ ಮಾರಾಟ ಈ ತಿಂಗಳೇ ಬೀಳುವುದಿಲ್ಲ. ಆರು ತಿಂಗಳೋ ವರ್ಷವೋ ಬಿಟ್ಟು ಬೀಳುತ್ತದೆ. ಆದ್ದರಿಂದ ಮೊದಲು ಹೋರ್ಡಿಂಗ್ ಹೋಗುತ್ತದೆ, ಆಮೇಲೆ ಏಜೆನ್ಸಿಗೆ ಕೊಡುವ ದುಡ್ಡು, ಆಮೇಲೆ ನಾವು. ನಿಮ್ಮ ಕೆಲಸ ಹೋದದ್ದು ನೀವು ಕೆಟ್ಟ ಕೆಲಸಗಾರರು ಅಂತಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ, ನಡೆಯುವುದೇ ಹೀಗೆ.

ಈಗ ನನ್ನ ಕಥೆ ಮುಂದುವರಿಸುತ್ತೇನೆ. ಅಪ್ಪನದು ಕಾಪು ಪೇಟೆಯಲ್ಲಿ ಸ್ಟೇಷನರಿ ಅಂಗಡಿ. ಅಲ್ಲಿಗೆ ದಿನಾ ಸಂಜೆ ಒಬ್ಬರು ಪಿಗ್ಮಿ ಕಲೆಕ್ಟರ್ ಬರುತ್ತಾರೆ, ದಿನದ ಸಣ್ಣ ಉಳಿತಾಯದ ದುಡ್ಡು ಸಂಗ್ರಹಿಸುವ ಸಹಕಾರಿ ಸಂಘದವರು. ಇಪ್ಪತ್ತು ವರ್ಷದಿಂದ ಬರುತ್ತಿದ್ದಾರೆ. ಅಕ್ಟೋಬರಿನಲ್ಲಿ ಒಂದು ದಿನ ಅಪ್ಪ ಇರಲಿಲ್ಲ, ಕ್ಯಾಶ್‌ನಲ್ಲಿ ನಾನು ಕೂತಿದ್ದೆ. "ಎಂತ ಮಗಾ, ಕಂಪನಿ ಇನ್ನೂ ತೆರೆಯಲಿಲ್ವಾ?" ಅಂತ ಕೇಳಿದರು. ಯಾಕೋ ಆ ದಿನ ಸುಳ್ಳು ಬಾಯಿಗೆ ಬರಲಿಲ್ಲ. "ಕೆಲಸ ಹೋಗಿದೆ ಅಣ್ಣ, ಜೂನ್‌ನಲ್ಲೇ" ಎಂದೆ. ಅವರು ಅಯ್ಯೋ ಪಾಪ ಅನ್ನಲಿಲ್ಲ. "ನೀನು ಅಲ್ಲಿ ಮಾಡುತ್ತಿದ್ದದ್ದು ಎಂತ?" ಎಂದರು. ಬ್ರ್ಯಾಂಡಿಂಗ್ ಎಂದರೆ ಅವರಿಗೆ ಗೊತ್ತಾಗುವುದಿಲ್ಲ ಅಲ್ವಾ. ಹಾಗಾಗಿ ಬಿಡಿಸಿ ಹೇಳಿದೆ: "ತಿನ್ನುವ ಸಾಮಾನು ಪ್ಯಾಕೆಟ್ ಮಾಡಿ ಹೊಸ ಊರಿನಲ್ಲಿ ಮಾರುವುದು ಹೇಗೆ ಅಂತ ನೋಡಿಕೊಳ್ಳುತ್ತಿದ್ದೆ." ಅವರು ಒಂದು ನಿಮಿಷ ಯೋಚಿಸಿ, ಕಾರ್ಕಳದ ಕಡೆಯ ಒಬ್ಬ ಗೇರುಬೀಜ ಫ್ಯಾಕ್ಟರಿಯವರ ಹೆಸರು ಹೇಳಿದರು. ಹೋಟೆಲ್, ಸ್ವೀಟ್ ಅಂಗಡಿಯ ಆರ್ಡರ್ ನಿಂತು ಮಾಲು ಬಿದ್ದುಕೊಂಡಿದೆ, ಅವರಿಗೆ ಮನೆ ಮನೆಗೆ ಮಾರಬೇಕಂತೆ, ಹೇಗೆ ಅಂತ ಗೊತ್ತಿಲ್ಲ.

ಮರುದಿನ ಹೋದೆ. ಡಬ್ಲ್ಯು 320 ಅಂತ ಒಂದು ಗ್ರೇಡ್ ಇದೆ, ಒಂದು ಪೌಂಡಿಗೆ 300ರಿಂದ 320 ಬೀಜ ಬರುವಂಥದ್ದು. ಅದೂ ತುಂಡೂ ಸೇರಿ ಗೋದಾಮು ತುಂಬ ಇತ್ತು. ಕಾಲು ಕೆಜಿ, ಅರ್ಧ ಕೆಜಿ ಪ್ಯಾಕೆಟ್ ಮಾಡಿಸಿದೆವು. ವಾಟ್ಸ್‌ಆ್ಯಪ್ ಕ್ಯಾಟಲಾಗ್ ಮಾಡಿದೆ, ಮುಂಬೈಯಲ್ಲಿರುವ ನಮ್ಮ ಊರಿನವರ ಗುಂಪುಗಳಿಗೆ ದೀಪಾವಳಿ ಡಬ್ಬ ಅಂತ ಕಳಿಸಿದೆವು. ಆರು ವಾರದ ಕೆಲಸ, 25,000 ರೂಪಾಯಿ ಕೊಟ್ಟರು. ಹಿಂದಿನ ಸಂಬಳದ ಎದುರು ಅದು ಏನೂ ಅಲ್ಲ. ಆದರೆ ಅವರು ತಮ್ಮ ಭಾವನ ಹತ್ತಿರ ನನ್ನ ವಿಷಯ ಹೇಳಿದರು, ಭಾವ ಪುಣೆಯಲ್ಲಿ ತಿಂಡಿ ಪದಾರ್ಥದ ಕಂಪನಿ ನಡೆಸುವ ಗೆಳೆಯರಿಗೆ ಹೇಳಿದರು, 2021ರ ಫೆಬ್ರವರಿಯಲ್ಲಿ ನನಗೆ ಅಲ್ಲಿ ಕೆಲಸ ಸಿಕ್ಕಿತು. ಆ ಹುದ್ದೆಯ ಜಾಹೀರಾತು ಎಲ್ಲೂ ಬಂದಿರಲಿಲ್ಲ.

ನೋಡಿ, ಈ ಸರಪಳಿಯಲ್ಲಿ ನನ್ನ ಆಪ್ತರು ಯಾರೂ ಇಲ್ಲ. ಪಿಗ್ಮಿಯಣ್ಣ ನಮ್ಮ ನೆಂಟರಲ್ಲ. ಗೇರುಬೀಜದವರ ಮುಖವನ್ನೇ ನಾನು ಮೊದಲು ನೋಡಿರಲಿಲ್ಲ. ನನ್ನ ಹತ್ತಿರದ ಗೆಳತಿಯರೆಲ್ಲ ಮಾರ್ಕೆಟಿಂಗ್‌ನವರೇ, ಅವರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು, ನನಗೆ ಗೊತ್ತಿಲ್ಲದ್ದು ಅವರಿಗೂ ಗೊತ್ತಿರಲಿಲ್ಲ.

ಇದು ನನ್ನ ಒಬ್ಬಳ ಅದೃಷ್ಟ ಅಂದುಕೊಳ್ಳಬೇಡಿ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಬಾಸ್ಟನ್ ಹತ್ತಿರದ ಒಂದು ಊರಿನಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನು ಮಾತಾಡಿಸಿ 1973ರಲ್ಲಿ ಒಂದು ಲೇಖನ ಬರೆದರು. ಪರಿಚಯದವರಿಂದ ಕೆಲಸದ ಸುದ್ದಿ ಸಿಕ್ಕಿದವರನ್ನು, ಆ ಪರಿಚಯದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಅಂತ ಕೇಳಿದರು. ಪದೇ ಪದೇ ನೋಡುತ್ತಿದ್ದೆವು ಎಂದವರು ಸುಮಾರು ಶೇ. 17 ಮಾತ್ರ. ಅರ್ಧಕ್ಕಿಂತ ಜಾಸ್ತಿ ಜನ ಆಗೊಮ್ಮೆ ಈಗೊಮ್ಮೆ ಎಂದರು. ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರೇ ಶೇ. 28ರ ಹತ್ತಿರ. ಇದು ಚಿಕ್ಕ ಅಧ್ಯಯನ, ಐವತ್ತು ಚಿಲ್ಲರೆ ಜನರದ್ದು. ಆದರೆ 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಐದು ವರ್ಷದ ಮಾಹಿತಿ ಇಟ್ಟುಕೊಂಡು ಸಂಶೋಧಕರು ಇದನ್ನೇ ಮತ್ತೆ ನೋಡಿದರು. ಉತ್ತರ ಹೆಚ್ಚುಕಡಿಮೆ ಅದೇ. ಒಂದು ತಿದ್ದುಪಡಿ ಮಾತ್ರ: ತೀರಾ ದೂರದವರಲ್ಲ, ತೀರಾ ಹತ್ತಿರದವರೂ ಅಲ್ಲ, ನಡುವೆ ಇರುತ್ತಾರಲ್ಲ, ಸುಮಾರು ಹತ್ತು ಜನ ಇಬ್ಬರಿಗೂ ಗೊತ್ತಿರುವಂಥವರು, ಅವರಿಂದ ಕೆಲಸ ಜಾಸ್ತಿ ಸಿಗುತ್ತದೆ.

ನಮ್ಮ ಕರಾವಳಿಯಲ್ಲಿ ಅಂಥ ನಡುವಿನ ಜನರಿಗೆ ಬರ ಇದೆಯಾ? ಬ್ರಹ್ಮಕಲಶೋತ್ಸವದ ಸಮಿತಿ, ಯಕ್ಷಗಾನ ಬಯಲಾಟ, ಚರ್ಚಿನ ಹಬ್ಬ, ಕ್ರಿಕೆಟ್ ಟೂರ್ನಮೆಂಟು, ಮದುವೆ ಊಟದ ಪಕ್ಕದ ಎಲೆಯವರು. ನಮ್ಮ ಅಜ್ಜಂದಿರು ಮುಂಬೈಗೆ ಹೋದದ್ದೇ ಹೀಗೆ. ಊರಿನವರೊಬ್ಬರ ಹೋಟೆಲಿನ ವಿಳಾಸ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದರು. ಪಿಗ್ಮಿಯನ್ನೇ ತೆಗೆದುಕೊಳ್ಳಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆದ ಬ್ಯಾಂಕು 1928ರಲ್ಲಿ ಈ ಯೋಜನೆ ಶುರು ಮಾಡಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ನಾವೇ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತೇವೆ ಅಂತ. ಮಾರ್ಕೆಟಿಂಗ್ ಓದುವ ಮಕ್ಕಳಿಗೆ ನಾನು ಯಾವಾಗಲೂ ಇದನ್ನೇ ಉದಾಹರಣೆ ಕೊಡುತ್ತೇನೆ. ದಿನಾ ಹೋಗುವುದು, ಸಣ್ಣದನ್ನು ಕೇಳುವುದು, ಮುಖ ಮರೆಯದಂತೆ ನೋಡಿಕೊಳ್ಳುವುದು. ಎರಡೇ ವರ್ಷದೊಳಗೆ ಜಗತ್ತಿಗೆಲ್ಲ ಮಹಾಕುಸಿತ ಬಂತು, ಆ ಬ್ಯಾಂಕು ಉಳಿದು ಬೆಳೆಯಿತು. 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನ ಆಯಿತು, ಆದರೆ ಪಿಗ್ಮಿ ಎಂಬ ಮಾತು ನಮ್ಮ ಅಂಗಡಿಗಳಲ್ಲಿ ಇವತ್ತಿಗೂ ಇದೆ.

ಹಾಗಿದ್ದರೆ ನಾವು ಯಾಕೆ ಹೇಳುವುದಿಲ್ಲ? ಮರ್ಯಾದೆ. ಮದುವೆಗೆ ಹೋದರೆ ಮೊದಲ ಪ್ರಶ್ನೆ "ಈಗ ಯಾವ ಕಂಪನಿ?" ಅಂತ. ಆ ಪ್ರಶ್ನೆಗೆ ಹೆದರಿ ಮದುವೆಗೇ ಹೋಗದವರನ್ನು ನಾನು ನೋಡಿದ್ದೇನೆ, ನಾನೇ ಎರಡು ಮದುವೆ ತಪ್ಪಿಸಿದ್ದೇನೆ. ಇನ್ನೊಂದು, ಹಂಗು. ಯಾರ ಹಂಗಿನಲ್ಲೂ ಇರಬಾರದು ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಒಳ್ಳೆಯ ಮಾತೇ. ಆದರೆ ಸುದ್ದಿ ಕೇಳುವುದು ಹಂಗಲ್ಲ. "ನನಗೊಂದು ಕೆಲಸ ಕೊಡಿ" ಎಂದರೆ ಎದುರಿನವರ ತಲೆ ಮೇಲೆ ಭಾರ ಹೊರಿಸಿದ ಹಾಗೆ. ಕೊಡಲು ಅವರ ಹತ್ತಿರ ಕೆಲಸ ಇರುವುದಿಲ್ಲ, ಇಲ್ಲ ಅನ್ನಲು ಸಂಕೋಚ, ಹಾಗಾಗಿ ಮುಂದಿನ ಸಲ ನಿಮ್ಮ ಫೋನೇ ಎತ್ತುವುದಿಲ್ಲ. "ನಿಮ್ಮ ಲೈನಿನಲ್ಲಿ ಈಗ ಯಾರ ಮಾಲು ನಿಂತಿದೆ, ಯಾರು ಹೊಸ ಅಂಗಡಿ ತೆರೆಯುತ್ತಿದ್ದಾರೆ?" ಅಂತ ಕೇಳಿ ನೋಡಿ. ಅರ್ಧ ಗಂಟೆ ಮಾತಾಡುತ್ತಾರೆ. ತಮ್ಮ ವ್ಯಾಪಾರದ ಬಗ್ಗೆ ಮಾತಾಡಲು ಯಾರಿಗೆ ಇಷ್ಟ ಇಲ್ಲ ಹೇಳಿ!

ಹೇಳುವುದು ಎಷ್ಟು ಮುಖ್ಯವೋ ಸರಿಯಾಗಿ ಹೇಳುವುದು ಅಷ್ಟೇ ಮುಖ್ಯ. ನಾನು ಪಿಗ್ಮಿಯಣ್ಣನಿಗೆ 'ಬ್ರ್ಯಾಂಡ್ ಸ್ಟ್ರಾಟೆಜಿ' ಅಂದಿದ್ದರೆ ಅವರಿಗೆ ಗೇರುಬೀಜದವರು ನೆನಪಾಗುತ್ತಿರಲಿಲ್ಲ. ಕೇಳಿದವರ ತಲೆಯಲ್ಲಿ ಒಂದು ಮುಖ ಮೂಡಬೇಕು, ಹಾಗಿರಬೇಕು ನಿಮ್ಮ ಮಾತು. ಇವತ್ತು ಮನೆಗೆ ಹೋಗಿ ಒಂದು ವಾಕ್ಯ ಬರೆಯಿರಿ, ಅದನ್ನು ನಿಮ್ಮ ಬಸ್ ಕಂಡಕ್ಟರ್ ಕೇಳಿದರೂ ಅರ್ಥ ಆಗಬೇಕು. 'ಆಸ್ಪತ್ರೆಗೆ ಹೊಸ ರೋಗಿಗಳು ಬರುವಂತೆ ಜಾಹೀರಾತು ಮಾಡುತ್ತೇನೆ.' 'ಕಾಲೇಜುಗಳಿಗೆ ಅಡ್ಮಿಷನ್ ಎನ್‌ಕ್ವೈರಿ ತರಿಸುತ್ತೇನೆ.' 'ಡೀಲರ್‌ಗಳು ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುತ್ತೇನೆ.' ಇಷ್ಟೇ.

ರೆಸ್ಯೂಮೆಗೂ ಇದೇ ಮಾತು. ಹಿಂಜರಿತದಲ್ಲಿ ಮಾಲೀಕರು ನೋಡುವುದು ಒಂದನ್ನೇ: ಇವರಿಂದ ದುಡ್ಡು ಬರುತ್ತದಾ, ಉಳಿಯುತ್ತದಾ? 'ಜಾಗೃತಿ ಮೂಡಿಸಿದೆ' ಅನ್ನುವ ಸಾಲು ತೆಗೆದುಹಾಕಿ. ಒಂದು ಲೀಡ್‌ಗೆ, ಅಂದರೆ ಕೊಳ್ಳಲು ಆಸಕ್ತಿ ತೋರಿಸುವ ಒಬ್ಬರನ್ನು ತರಲು, ಎಷ್ಟು ಖರ್ಚಾಗುತ್ತಿತ್ತು, ನೀವು ಬಂದ ಮೇಲೆ ಎಷ್ಟಾಯಿತು ಅಂತ ಬರೆಯಿರಿ. ಹಳೆಯ ಗ್ರಾಹಕರಲ್ಲಿ ಎಷ್ಟು ಜನ ಮತ್ತೆ ಬಂದರು, ನಿಂತ ಸ್ಟಾಕ್ ಎಷ್ಟು ದಿನದಲ್ಲಿ ಖಾಲಿಯಾಯಿತು, ಅದನ್ನೂ ಬರೆಯಿರಿ. ಈಗ ಕೆಲಸದಲ್ಲಿ ಇರುವವರಿಗೆ ಒಂದು ಮಾತು. ಈ ಅಂಕಿಗಳನ್ನು ಪ್ರತಿ ತಿಂಗಳು ನಿಮ್ಮ ನೆನಪಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕಂಪನಿಯ ಗುಟ್ಟಿನ ಫೈಲು ಹೊರಗೆ ತರಬೇಡಿ, ಅದು ತಪ್ಪು. ನಿಮ್ಮ ಕೆಲಸದಿಂದ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಬರೆದಿಟ್ಟರೆ ಸಾಕು. ಮೇಲ್ ಐಡಿ ಬಂದ್ ಆದ ಮೇಲೆ ನನಗೆ ಒಂದು ಅಂಕಿಯೂ ನೆನಪಾಗದೆ ತುಂಬಾ ಕಷ್ಟವಾಯಿತು.

ಮೆಸೇಜ್ ಬರೆಯುವ ವಿಷಯ. ನನಗೆ ವಾರಕ್ಕೆ ನಾಲ್ಕೈದು ಬರುತ್ತವೆ, 'ಹಾಯ್ ಮೇಡಂ, ಎನಿ ಓಪನಿಂಗ್ಸ್?' ಅಂತ, ಜೊತೆಗೆ ಒಂದು ಪಿಡಿಎಫ್. ನನಗೆ ಸಹಾಯ ಮಾಡಬೇಕು ಅಂತ ಇದ್ದರೂ ಎಲ್ಲಿಂದ ಶುರು ಮಾಡುವುದು ಗೊತ್ತಾಗುವುದಿಲ್ಲ. ಬದಲಿಗೆ ಹೀಗೆ ಬರೆದು ನೋಡಿ: "ನಮಸ್ಕಾರ ಸರ್. ಐದು ವರ್ಷದ ಹಿಂದೆ ಹುಬ್ಬಳ್ಳಿಯ ಡೀಲರ್ ಮೀಟ್‌ನಲ್ಲಿ ನಾವು ಭೇಟಿಯಾಗಿದ್ದೆವು, ನಿಮ್ಮ ಹೊಸ ಪೇಂಟ್ ಅಂಗಡಿಯ ವಿಷಯ ಹೇಳಿದ್ದಿರಿ. ಕಳೆದ ತಿಂಗಳು ನಮ್ಮ ತಂಡವನ್ನೇ ತೆಗೆದರು, ನಾನು ಈಗ ಊರಿನಲ್ಲಿದ್ದೇನೆ. ಮಂಗಳೂರು, ಉಡುಪಿಯಲ್ಲಿ ಕಟ್ಟಡ ಸಾಮಗ್ರಿಯ ವ್ಯಾಪಾರ ಈಗ ಹೇಗಿದೆ ಅಂತ ತಿಳಿದುಕೊಳ್ಳಬೇಕಿತ್ತು. ಈ ವಾರ ಹತ್ತು ನಿಮಿಷ ಸಿಗುತ್ತೀರಾ? ಬಿಡುವಿಲ್ಲದಿದ್ದರೆ ಪರವಾಗಿಲ್ಲ." ಎಲ್ಲಿ ಭೇಟಿ ಅಂತ ನೆನಪು ಮಾಡಿದಿರಿ, ಏನಾಯಿತು ಅಂತ ಮುಚ್ಚಿಡದೆ ಹೇಳಿದಿರಿ, ಸಣ್ಣದನ್ನು ಕೇಳಿದಿರಿ, ಇಲ್ಲ ಅನ್ನಲೂ ದಾರಿ ಬಿಟ್ಟಿರಿ. ರೆಸ್ಯೂಮೆ ಅವರು ಕೇಳಿದ ಮೇಲೆ ಕಳಿಸಿ. ಅವರು ಯಾರದ್ದಾದರೂ ನಂಬರ್ ಕೊಟ್ಟರೆ, ಮಾತಾಡಿದ ಮೇಲೆ ಏನಾಯಿತು ಅಂತ ವಾಪಸ್ ತಿಳಿಸಿ. ಇದನ್ನು ಹೆಚ್ಚಿನವರು ಮಾಡುವುದಿಲ್ಲ. ಏನಾಯಿತು ಅಂತ ಗೊತ್ತಾಗದಿದ್ದರೆ ಎರಡನೇ ನಂಬರ್ ಕೊಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಯಾವಾಗ ಹೋಗಿ ಮಾತಾಡುವುದು? ಇದರಲ್ಲಿ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಆಟಿ ತಿಂಗಳು. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಜಡಿಮಳೆ. ಚಿನ್ನದ ಅಂಗಡಿ, ಜವಳಿ ಅಂಗಡಿ, ಫರ್ನಿಚರ್ ಶೋರೂಮ್ ಎಲ್ಲ ಕಡೆ ಮಾಲೀಕರು ಕೂತಿರುತ್ತಾರೆ, ಗಿರಾಕಿ ಕಡಿಮೆ. ಚೌತಿಯಿಂದ ದೀಪಾವಳಿವರೆಗಿನ ವ್ಯಾಪಾರಕ್ಕೆ ಏನು ಮಾಡುವುದು ಅಂತ ಅವರ ತಲೆಯಲ್ಲಿ ಓಡುತ್ತಿರುತ್ತದೆ. ಮಧ್ಯಾಹ್ನ ಮೂರು ಗಂಟೆ ಮೇಲೆ ಹೋದರೆ ಚಹಾ ಕೊಟ್ಟು ಮಾತಾಡುತ್ತಾರೆ. ಅದೇ ಜನರ ಹತ್ತಿರ ದೀಪಾವಳಿ ವಾರದಲ್ಲಿ ಹೋದರೆ ನಿಮ್ಮ ಮುಖ ನೋಡಲೂ ಪುರುಸೊತ್ತು ಇರುವುದಿಲ್ಲ. ಕಾಲೇಜಿನವರಿಗೆ ಬೇರೆ ಲೆಕ್ಕ, ಅವರ ಅಡ್ಮಿಷನ್ ಓಡಾಟ ಬೇಸಿಗೆಯಲ್ಲಿ, ಹಾಗಾಗಿ ಅವರನ್ನು ಡಿಸೆಂಬರ್, ಜನವರಿಯಲ್ಲೇ ನೋಡಬೇಕು.

ಸಣ್ಣ ಕೆಲಸ ಸಿಕ್ಕರೆ ಬಿಡಬೇಡಿ, ಆದರೆ ಬಿಟ್ಟಿ ಮಾಡಬೇಡಿ. ಎಷ್ಟು ದಿನ, ಏನೇನು ಮಾಡಿಕೊಡುತ್ತೀರಿ, ಎಷ್ಟು ದುಡ್ಡು, ಇಷ್ಟನ್ನು ಒಂದು ಮೇಲ್‌ನಲ್ಲಿ ಬರೆದು ಕಳಿಸಿ, ಅರ್ಧ ಮುಂಗಡ ಕೇಳಿ. ಪರಿಚಯದವರ ಹತ್ತಿರ ದುಡ್ಡು ಕೇಳುವುದು ಹೇಗೆ ಅಂತ ಸಂಕೋಚಪಟ್ಟು ಮೂರು ತಿಂಗಳು ಸುಮ್ನೆ ದುಡಿದು, ಕೊನೆಗೆ ಸಂಬಂಧವೂ ಕೆಟ್ಟವರು ಇದ್ದಾರೆ.

ಕಲಿಯುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೂಗಲ್‌ನ ಸ್ಕಿಲ್‌ಶಾಪ್‌ನಲ್ಲಿ ಜಾಹೀರಾತು, ಅನಾಲಿಟಿಕ್ಸ್ ಪಾಠಗಳು ಉಚಿತವಾಗಿ ಸಿಗುತ್ತವೆ. ವೆಬ್‌ಸೈಟಿಗೆ ಬರುವವರ ಲೆಕ್ಕ ಇಡುವ ಗೂಗಲ್‌ನ ಹಳೆಯ ಯೂನಿವರ್ಸಲ್ ಅನಾಲಿಟಿಕ್ಸ್ 2023ರ ಜುಲೈಯಲ್ಲೇ ನಿಂತಿದೆ, ಇನ್ನೂ ಅದನ್ನೇ ರೆಸ್ಯೂಮೆಯಲ್ಲಿ ಬರೆದವರು ಈಗಲೇ ಬದಲಿಸಿ. ಸಾಲ ಮಾಡಿ ಲಕ್ಷದ ಕೋರ್ಸ್‌ಗೆ ಸೇರುವುದು ಮಾತ್ರ ಈ ಸಮಯದಲ್ಲಿ ಬೇಡ.

ಕೆಲಸಕ್ಕಾಗಿ ಯಾರಾದರೂ ದುಡ್ಡು ಕೇಳಿದರೆ, ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್, ಯಾವ ಹೆಸರಿನಲ್ಲೇ ಆಗಲಿ, ಅದು ಮೋಸ ಅಂತಲೇ ತಿಳಿಯಿರಿ. ಕೆಲಸ ಇಲ್ಲದವರನ್ನೇ ಇವರು ಹುಡುಕುತ್ತಾರೆ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಇಲ್ಲೂ ನಾಚಿಕೆಯಿಂದಲೇ ತಡ ಮಾಡುತ್ತೇವೆ.

ಆಮೇಲೆ ಪ್ರಶ್ನೆಗಳು ಬಂದವು. ಮೂರನ್ನು ಮಾತ್ರ ಬರೆಯುತ್ತೇನೆ.

ಲಿಂಕ್ಡ್‌ಇನ್ ಫೋಟೋಗೆ 'ಓಪನ್ ಟು ವರ್ಕ್' ಎಂಬ ಹಸಿರು ಸುತ್ತು ಹಾಕಬಹುದಾ ಅಂತ ಒಬ್ಬ ಹುಡುಗ ಕೇಳಿದ. ಕೆಲಸ ಹೋಗಿದ್ದರೆ ಧೈರ್ಯವಾಗಿ ಹಾಕಿ. ಇನ್ನೂ ಕೆಲಸದಲ್ಲಿದ್ದು ಹುಡುಕುತ್ತಿದ್ದರೆ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ಆದರೆ ಸುತ್ತು ಹಾಕಿ ಕೂತರೆ ಆಗಲಿಲ್ಲ, ವಾರಕ್ಕೊಂದು ಸಲ ನಿಮ್ಮ ಕೆಲಸದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಬೇರೆಯವರಿಗೆ ಹೊಂದುವ ಹುದ್ದೆ ಕಂಡರೆ ಅವರಿಗೆ ಕಳಿಸಿ.

ಮಣಿಪಾಲದಿಂದ ಬಂದ ಒಬ್ಬ ಅಕ್ಕ ಎದ್ದು ನಿಂತರು. ಕೆಲಸ ಹೋಗಿ ಎಂಟು ತಿಂಗಳು. ಅವರು ಯಾರ ಹತ್ತಿರ ಹೇಳಿದರೂ "ನಿನಗೆಂತ ಚಿಂತೆ, ಗಂಡನಿಗೆ ಕೆಲಸ ಉಂಟಲ್ಲ" ಅನ್ನುತ್ತಾರಂತೆ. ಹೇಳುವಾಗ ಅವರ ಸ್ವರ ನಡುಗುತ್ತಿತ್ತು. ಇದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ, ಆದರೆ ಸಿಟ್ಟು ಇದೆ. ಅವರು ಕೇಳುತ್ತಿರುವುದು ಕೈಖರ್ಚಿಗೆ ದುಡ್ಡಲ್ಲ, ಹದಿನಾಲ್ಕು ವರ್ಷ ಕಟ್ಟಿದ ಕೆಲಸ. ನಾನು ಅವರಿಗೆ ಹೇಳಿದ್ದು: ಅನುಕಂಪ ತೋರಿಸುವವರ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಡಿ, ವ್ಯಾಪಾರ ಮಾಡುವವರ ಹತ್ತಿರ ಹೋಗಿ. ಅವರಿಗೆ ಬೇಕಾದದ್ದು ಕೆಲಸ ಬಲ್ಲವರು.

ಕಡಿಮೆ ಸಂಬಳಕ್ಕೆ ಒಪ್ಪಿಕೊಳ್ಳಬಹುದಾ ಅಂತ ಕೊನೆಯ ಪ್ರಶ್ನೆ. ಮೊದಲು ಕೈಯಲ್ಲಿರುವ ದುಡ್ಡು ಎಷ್ಟು ತಿಂಗಳು ಬರುತ್ತದೆ ಅಂತ ಲೆಕ್ಕ ಹಾಕಿ, ಮನೆ ಸಾಲದ ಕಂತು ಸೇರಿಸಿ. ನಾಲ್ಕು ತಿಂಗಳಿಗಿಂತ ಕಡಿಮೆ ಇದ್ದರೆ ಒಪ್ಪಿಕೊಳ್ಳಿ. ಮಾರಾಟಕ್ಕೆ ಹತ್ತಿರದ ಕೆಲಸವಾದರೆ ಇನ್ನೂ ಒಳ್ಳೆಯದು. ಆರು ತಿಂಗಳ ಮೇಲೆ ಸಂಬಳ ಮತ್ತೆ ನೋಡುತ್ತೇವೆ ಅಂತ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಆಫರ್ ಲೆಟರಿನಲ್ಲಿ ಬರೆಸಿಕೊಳ್ಳಿ.

ಮಾತು ಮುಗಿದ ಮೇಲೆ ಒಂದು ಹಾಳೆ ಇಟ್ಟೆವು. ಕೆಲಸ ಹುಡುಕುತ್ತಿರುವವರು ಹೆಸರು, ಫೋನ್ ನಂಬರ್, ಆ ಒಂದು ವಾಕ್ಯ ಬರೆಯಬೇಕು ಅಂತ. ಮೊದಲು ಯಾರೂ ಏಳಲಿಲ್ಲ. ಮಣಿಪಾಲದ ಅಕ್ಕನೇ ಮೊದಲು ಬರೆದರು. ಆಮೇಲೆ ಸಾಲು ನಿಂತಿತು, ಹಾಳೆಯ ಹಿಂಬದಿಗೂ ಹೋಯಿತು. ಒಟ್ಟು ಇಪ್ಪತ್ತಾರು ಜನ. ಆ ಹಾಳೆ ಈಗ ನನ್ನ ಮೇಜಿನ ಮೇಲಿದೆ. ಏಳು ಜನರ ಬಗ್ಗೆ ನನಗೆ ಗೊತ್ತಿರುವ ವ್ಯಾಪಾರದವರಿಗೆ ಫೋನ್ ಮಾಡಿ ಹೇಳಿದ್ದೇನೆ. ಉಳಿದವರದ್ದು ಈ ವಾರ. ಕಾಪುವಿಗೆ ಶನಿವಾರ ಹೋಗುತ್ತೇನೆ, ಪಿಗ್ಮಿಯಣ್ಣನಿಗೂ ಒಂದು ಪ್ರತಿ ಕೊಡಬೇಕು.